ತಾರೀಖಿಲ್ಲದ ನಕ್ಷೆ

2001ರ ಜನಗಣತಿಯ ಪ್ರಕಾರ ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ 31,30,922. ಹತ್ತು ವರ್ಷ ಬಿಟ್ಟು 2011ರಲ್ಲಿ ಎಣಿಸಿದಾಗ 25,66,326. ಎರಡೂ ಸರ್ಕಾರಿ ಅಂಕಿಗಳೇ, ಎರಡರಲ್ಲೂ ತಪ್ಪಿಲ್ಲ. ಒಂದರಿಂದ ಇನ್ನೊಂದನ್ನು ಕಳೆದರೆ 5,64,596 ಮಂದಿ ಕಡಿಮೆ. ಗುಳೆ ಹೋಗುವುದು ಈ ಸೀಮೆಗೆ ಹೊಸತಲ್ಲ, ನಿಜ. ಮುಂಬಯಿ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಗಳಲ್ಲಿ ಚಿಂಚೋಳಿ, ಚಿತ್ತಾಪುರದ ಮಂದಿ ಸಿಗುತ್ತಾರೆ. ಆದರೂ ಐದೂವರೆ ಲಕ್ಷ ಜನ ಜಿಲ್ಲೆ ಖಾಲಿ ಮಾಡಿ ಹೋಗುವುದುಂಟೆ?

ಅಲ್ಲಿಯವರಿಗೆ ಇದು ಒಗಟೇ ಅಲ್ಲ. ಆ ಜನ ಯಾದಗಿರಿಗೆ ಹೋದರು. ಅಂದರೆ ತಮ್ಮ ಮನೆಯಲ್ಲಿ ತಾವಿದ್ದಂತೆಯೇ ಇದ್ದರು, ಅವರ ಸುತ್ತಲಿನ ಗೆರೆಗೆ ಹೆಸರು ಬದಲಾಯಿತು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಬೇರ್ಪಡಿಸಿ ಹೊಸ ಜಿಲ್ಲೆ ಮಾಡಿದ್ದರಿಂದ ಹಳೆಯ ಗುಲ್ಬರ್ಗಾ ಅಷ್ಟರಮಟ್ಟಿಗೆ ಸಣ್ಣದಾಯಿತು. 2001ರ ಎಣಿಕೆಯನ್ನೇ ಹೊಸ ಗಡಿಗೆ ಹೊಂದಿಸಿ ಮತ್ತೆ ಕೂಡಿಸಿದರೆ ಗುಲ್ಬರ್ಗಾದ ಪಾಲು 21,74,742, ಯಾದಗಿರಿಯ ಪಾಲು 9,56,180. ಈಗ ಹೋಲಿಸಿ ನೋಡಿ: ಗುಲ್ಬರ್ಗಾದ ಜನಸಂಖ್ಯೆ ಆ ದಶಕದಲ್ಲಿ ಶೇ 18ರಷ್ಟು ಹೆಚ್ಚಾಗಿದೆ. ಶೇ 18ರ ಕುಸಿತದಂತೆ ಕಂಡದ್ದು ಅಷ್ಟೇ ಪ್ರಮಾಣದ ಏರಿಕೆ!

ಇಲ್ಲೊಂದು ಸ್ವಾರಸ್ಯದ ತಾರೀಖು ಇದೆ. ಯಾದಗಿರಿ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 2009ರ ಡಿಸೆಂಬರ್ 30ರಂದು. 2011ರ ಜನಗಣತಿಗೆಂದು ದೇಶದ ಎಲ್ಲ ಆಡಳಿತ ಗಡಿಗಳನ್ನು ಫ್ರೀಜ್ ಮಾಡಿದ್ದು ಮರುದಿನ, ಡಿಸೆಂಬರ್ 31ರಂದು. ಒಂದೇ ಒಂದು ದಿನದ ಅಂತರ. ಯಾದಗಿರಿಯನ್ನು ಜಿಲ್ಲೆ ಮಾಡಿದ ಆದೇಶ ಹೊಸ ವರ್ಷಕ್ಕೆ ಜಾರಿದ್ದರೆ, 2011ರ ವರದಿಗಳಲ್ಲೆಲ್ಲ 37,40,597 ಜನರ ಒಂದೇ ದೊಡ್ಡ ಗುಲ್ಬರ್ಗಾ ಇರುತ್ತಿತ್ತು. ಸಾಕ್ಷರತೆ, ಲಿಂಗಾನುಪಾತ, ಕುಡಿಯುವ ನೀರು, ಶೌಚಾಲಯ, ಎಲ್ಲ ಸರಾಸರಿಗಳೂ ಬೇರೆಯಾಗಿರುತ್ತಿದ್ದವು. ಮುಂದಿನ ಒಂದೂವರೆ ದಶಕ ಯೋಜನೆಗಳು ಆ ಸರಾಸರಿಗಳನ್ನೇ ನಂಬಿ ನಡೆಯುತ್ತಿದ್ದವು.

ಈ ಫ್ರೀಜ್ ಎಂಬುದು ಏನು, ಯಾಕೆ? ಜನಗಣತಿ ನಡೆಯುವುದು ಜನರನ್ನು ಹುಡುಕಿಕೊಂಡು ಅಲ್ಲ, ಜಾಗಗಳನ್ನು ಹುಡುಕಿಕೊಂಡು. ಮೊದಲು ದೇಶವನ್ನು ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಎಂದು ಸಂದಿಯಿಲ್ಲದಂತೆ ಹಂಚುತ್ತಾರೆ. ಗ್ರಾಮವನ್ನು ಮತ್ತೆ ಆರುನೂರು, ಎಂಟುನೂರು ಜನರ ಬ್ಲಾಕುಗಳಾಗಿ ಒಡೆದು ಒಬ್ಬೊಬ್ಬ ಗಣತಿದಾರರಿಗೆ, ಸಾಮಾನ್ಯವಾಗಿ ಶಾಲಾ ಮಾಸ್ತರರಿಗೆ, ಒಂದೊಂದು ಕೊಡುತ್ತಾರೆ. ಎಣಿಕೆಯ ನಡುವೆ ಒಂದು ಹಳ್ಳಿ ತಾಲ್ಲೂಕು ಬದಲಿಸಿತು ಎನ್ನಿ, ಅದನ್ನು ಇಬ್ಬರು ತಹಶೀಲ್ದಾರರೂ ಎಣಿಸಬಹುದು, ಇಬ್ಬರೂ ಬಿಡಬಹುದು. ಅದಕ್ಕೇ ಗಡಿಗಳನ್ನು ಎಣಿಕೆಗೆ ಮುಂಚೆಯೇ ಗಟ್ಟಿ ಮಾಡಬೇಕು ಎಂದು 1990ರ ಜನಗಣತಿ ನಿಯಮಗಳು ಹೇಳುತ್ತವೆ. 2021ರ ಗಣತಿ ಕೋವಿಡ್‌ನಿಂದ ನಿಂತುಹೋದಾಗ ಗಡಿ ಬದಲಾವಣೆಗೆ ಕೊಟ್ಟ ಕೊನೆಯ ದಿನವನ್ನೂ ಮುಂದೆ ಮುಂದೆ ಎಳೆಯುತ್ತ 2024ರ ಜೂನ್ 30ರವರೆಗೆ ತಂದರು. ಕೊನೆಗೆ 2025ರ ಜೂನ್ 16ರಂದು ಹೊಸ ಅಧಿಸೂಚನೆ ಹೊರಟಿತು. ಈ ಸಲದ ಗಣತಿಯ ಆಧಾರ ಕ್ಷಣ 2027ರ ಮಾರ್ಚ್ 1. ಗಡಿಗಳನ್ನು ಗಟ್ಟಿ ಮಾಡಲು ಗೊತ್ತುಪಡಿಸಿದ ದಿನ 2025ರ ಡಿಸೆಂಬರ್ 31.

ಜಿಲ್ಲೆಯ ಗಡಿ ಎಂಬುದು ಮೇಲಿನಿಂದ ಎಳೆದ ಗೆರೆಯಲ್ಲ, ಕೆಳಗಿನಿಂದ ಕಟ್ಟಿಕೊಂಡು ಬಂದದ್ದು. ಇದು ಅರ್ಥವಾಗಬೇಕಾದರೆ ಯಾವುದಾದರೂ ಒಂದು ಹಳ್ಳಿಗೆ ಇಳಿಯಬೇಕು. ಗುಲ್ಬರ್ಗಾ ಜಿಲ್ಲೆಯ, ಅಂದರೆ ಈಗಿನ ಕಲಬುರಗಿಯ, ಸೇಡಂ ತಾಲ್ಲೂಕಿನ ಕೋಡ್ಲಾವನ್ನೇ ತೆಗೆದುಕೊಳ್ಳೋಣ. ತೊಗರಿ ಹೊಲಗಳ ಊರು. ಈಗ ಪಕ್ಕದ ಬೆಂಕನಹಳ್ಳಿಯೊಂದಿಗೆ ಸೇರಿ ದೊಡ್ಡದೊಂದು ಸಿಮೆಂಟ್ ಕಾರ್ಖಾನೆಯ ವಿಳಾಸವೂ ಹೌದು. ಕೋಡ್ಲಾ ಎಲ್ಲಿ ಮುಗಿಯುತ್ತದೆ ಎಂದು ಯಾರನ್ನಾದರೂ ಕೇಳಿದರೆ ಕೊನೆಯ ಮನೆಯನ್ನು ತೋರಿಸುವುದಿಲ್ಲ; ಹೊಲಗಳನ್ನು ದಾಟಿ ಹಳ್ಳದ ಕಡೆಗೋ ಬದುವಿನ ಕಡೆಗೋ ಕೈ ಮಾಡುತ್ತಾರೆ. ಕಲಬುರಗಿ ಕಡೆ ಇದಕ್ಕೆ ಸೀಮಾಂತರ ಎನ್ನುತ್ತಾರೆ. ಪೊಲೀಸರ ಪಂಚನಾಮೆಯಲ್ಲೂ ಖರೀದಿ ಪತ್ರದಲ್ಲೂ ‘ಕೋಡ್ಲಾ ಸೀಮಾಂತರದ ಸರ್ವೆ ನಂಬರ್ ಇಷ್ಟು’ ಎಂದೇ ಶುರುವಾಗುತ್ತದೆ. ಕಂದಾಯ ಇಲಾಖೆಯ ಕಣ್ಣಿಗೆ ಗ್ರಾಮವೆಂದರೆ ಒಂದರ ಪಕ್ಕ ಒಂದು ಇಟ್ಟ ಸರ್ವೆ ನಂಬರುಗಳ ಮೊತ್ತ. ಮನೆಗಳಿರುವ ಗ್ರಾಮಠಾಣ ಅದರೊಳಗಿನ ಸಣ್ಣದೊಂದು ಚುಕ್ಕೆ.

ಈ ಸರ್ವೆ ನಂಬರುಗಳು ನಿಜಾಮರ ಕಾಲದ ಅಳತೆಯಿಂದ ಬಂದವು. ಆ ಅಳತೆ ಮುಂಬಯಿ ಮಾದರಿಯದು. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಉದ್ದಗಲ ಒಂದೊಂದು ಸರಪಳಿ ಇದ್ದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಮೂಲೆ ಮೂಲೆಗೆ ಬಾಂದುಕಲ್ಲು. ರಾಜ್ಯದ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ ಮೈಲಿಗೆ ಎಂಟು ಇಂಚಿನ ಪ್ರಮಾಣದವು, ಅಂದರೆ 7,920ಕ್ಕೆ ಒಂದು. ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಮಸಿಯ ಗೆರೆ ನೆಲದ ಮೇಲೆ ನಾಲ್ಕು ಮೀಟರ್ ಅಗಲವಾಗುತ್ತದೆ. ಬದುವಿನ ಜಗಳಗಳಲ್ಲಿ ಎಷ್ಟೋ ನಡೆಯುವುದು ಆ ಮಸಿಯ ದಪ್ಪದೊಳಗೆ.

ಖರೀದಿ ಪತ್ರದ ಕೊನೆಯಲ್ಲಿ ಬರುವ ಚಕ್ಕುಬಂದಿಯನ್ನು ಗಮನಿಸಿದ್ದೀರಾ? ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿ ದಾರಿ, ದಕ್ಷಿಣಕ್ಕೆ ಇಂಥವರದು. ಒಂದೂ ಅಳತೆಯಿಲ್ಲ, ಆದರೂ ಜಾಗ ಗೊತ್ತಾಗುತ್ತದೆ. ರಾಷ್ಟ್ರಕೂಟರ, ಕಲ್ಯಾಣದ ಚಾಲುಕ್ಯರ ದಾನಶಾಸನಗಳಲ್ಲೂ ಇದೇ ಕ್ರಮ: ದಿಕ್ಕು ಹಿಡಿದು ಸುತ್ತು ಬಂದು, ಮರ, ದಿಬ್ಬ, ನೆಟ್ಟ ಕಲ್ಲು, ತೊರೆಗಳನ್ನು ಹೆಸರಿಸಿ ಮತ್ತೆ ಹೊರಟಲ್ಲಿಗೇ ಬರುತ್ತಾರೆ. ಇಂದಿನ ಗಣಕ ಒಂದು ಹಳ್ಳಿಯನ್ನು ನೆನಪಿಟ್ಟುಕೊಳ್ಳುವುದೂ ಹೀಗೆಯೇ. ಅಕ್ಷಾಂಶ ರೇಖಾಂಶಗಳ ಒಂದು ಪಟ್ಟಿ. ಮೊದಲ ಬಿಂದುವೂ ಕೊನೆಯ ಬಿಂದುವೂ ಒಂದೇ ಆಗಿದ್ದರೆ ಸುತ್ತು ಮುಚ್ಚಿತು, ಹಳ್ಳಿ ಆಯಿತು. ಆದರೆ ಚಕ್ಕುಬಂದಿಗೆ ಗೊತ್ತಿರುವ ಒಂದು ಸಂಗತಿ ಈ ಪಟ್ಟಿಗೆ ಗೊತ್ತಿಲ್ಲ: ಪಕ್ಕದವರು ಯಾರು ಎಂಬುದು. ಕೋಡ್ಲಾದ ಬಿಂದುಗಳನ್ನು ಒಬ್ಬರು, ಬೆಂಕನಹಳ್ಳಿಯ ಬಿಂದುಗಳನ್ನು ಇನ್ನೊಬ್ಬರು ಹಳೆಯ ನಕ್ಷೆಯ ಮೇಲೆ ಗುರುತು ಹಾಕಿದರೆ, ನಡುವಿನ ಒಂದೇ ಗಡಿ ಎರಡು ಸಲ, ಎರಡು ಬಗೆಯಾಗಿ ಮೂಡುತ್ತದೆ. ಎರಡರ ನಡುವೆ ಸೀಳಿನಂಥ ಚೂರುಗಳು ಉಳಿಯುತ್ತವೆ. ಕೆಲವು ಚೂರು ಎರಡೂ ಊರಿಗೆ ಸೇರಿದವು, ಕೆಲವು ಯಾವ ಊರಿಗೂ ಸೇರದವು. ಅದಕ್ಕೆ ಒಳ್ಳೆಯ ಗಡಿ ದತ್ತಾಂಶದಲ್ಲಿ ಹಳ್ಳಿಗಳನ್ನು ಬಿಡಿಬಿಡಿಯಾಗಿ ಬರೆಯುವುದಿಲ್ಲ. ಗಡಿಯ ತುಣುಕನ್ನು ಒಂದೇ ಸಲ ಬರೆದು, ಅದರ ಎಡಕ್ಕೆ ಯಾವ ಊರು, ಬಲಕ್ಕೆ ಯಾವುದು ಎಂದು ದಾಖಲಿಸುತ್ತಾರೆ. ಗಣಿತಜ್ಞರು ಇದನ್ನು ಟೋಪಾಲಜಿ ಎನ್ನುತ್ತಾರೆ. ನಮ್ಮ ದಸ್ತಾವೇಜು ಬರಹಗಾರರು ಹೆಸರಿಲ್ಲದೆಯೇ ಬಳಸಿಕೊಂಡು ಬಂದಿದ್ದಾರೆ.

ಕಾಗದದ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ, ಅದರ ಬೇರು ಈ ಸೀಮೆಯ ಆಸುಪಾಸಿನಲ್ಲೇ ಇದೆ. ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಭೂಮಿಯ ವಕ್ರತೆಯನ್ನು ಅಳೆಯುತ್ತ ಬಂದ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರ್ ಹತ್ತಿರದ ದಾಮರಗಿದ್ದದಲ್ಲಿ ಆಧಾರ ರೇಖೆ ಅಳೆದ. ಆ ಕೆಲಸವನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ ಇಂಥ ಅಳತೆಗಳಿಂದ 1830ರಲ್ಲಿ ಭೂಮಿಯ ಆಕಾರಕ್ಕೆ ಒಂದು ಲೆಕ್ಕ ಕಟ್ಟಿದ. ಭಾರತಕ್ಕೆ ಚೆನ್ನಾಗಿ ಒಗ್ಗುವ ಲೆಕ್ಕ ಅದು, ಆದರೆ ಅದರ ಭೂಕೇಂದ್ರ ನಿಜವಾದ ಭೂಕೇಂದ್ರದಲ್ಲಿಲ್ಲ. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳೆಲ್ಲ ಎವರೆಸ್ಟ್ ಲೆಕ್ಕದವು. ನಿಮ್ಮ ಮೊಬೈಲಿನ ಜಿಪಿಎಸ್ ಅಮೆರಿಕದ 1984ರ ಲೆಕ್ಕದ್ದು. ಎರಡನ್ನೂ ಹೊಂದಿಸದೆ ಒಂದರ ಮೇಲೊಂದು ಇಟ್ಟರೆ ಸೇಡಂ ಸುತ್ತಮುತ್ತ ಯಾವುದೇ ಜಾಗ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದು ಕೂರುತ್ತದೆ. ಒಬ್ಬ ರೈತನ ಹೊಲ ಇಡಿಯಾಗಿ ಪಕ್ಕದವನ ಹೊಲದ ಮೇಲೆ ಹೋಗಲು ಅಷ್ಟು ಸಾಕು. ಇಂದು ‘ದಿಶಾಂಕ್’ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಸರ್ವೆ ನಂಬರು ಮೂಡುತ್ತದೆಯಲ್ಲ, ಅದರ ಹಿಂದೆ ಇಂಥ ಹೊಂದಾಣಿಕೆಯ ದೊಡ್ಡ ಕೆಲಸವಿದೆ. ಆದರೂ ಅದು ದಾರಿ ತೋರಿಸುತ್ತದೆ ಅಷ್ಟೆ. ತಕರಾರು ಬಂದರೆ ಭೂಮಾಪಕರೇ ಬಂದು ಬಾಂದುಕಲ್ಲು ಹುಡುಕಬೇಕು. ಫರಸಿ ಗಣಿ ತೋಡಿದ ಕಡೆ ಆ ಕಲ್ಲು ಸಿಗುವುದು ದುರ್ಲಭ.

ಹೆಸರಿನ ಪಾಡು ಬೇರೆ. ಸೇಡಂ ತಾಲ್ಲೂಕಿನಲ್ಲಿ ಕೋಡ್ಲಾ ಇದ್ದರೆ ಅತ್ತ ಚಿಂಚೋಳಿ ಕಡೆ ಕೋಡ್ಲಿ ಇದೆ. ಹಳೆಯ ಕಡತಗಳ ಇಂಗ್ಲಿಷಿನಲ್ಲಿ ಸೇಡಂ ‘ಸೇರಂ’ ಆಗಿರುವುದುಂಟು, ಚಿತ್ತಾಪುರಕ್ಕೆ ಒಂದೇ ‘ತ’ ಕೊಟ್ಟಿರುವುದುಂಟು. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. 2011ರ ಗಣತಿಯ ಪಟ್ಟಿಗಳಲ್ಲಿ ಅದು ಎಂದೆಂದಿಗೂ ಗುಲ್ಬರ್ಗಾ. ಗಣಕಕ್ಕೆ ಇವು ಬೇರೆ ಬೇರೆ ಜಿಲ್ಲೆಗಳು. ಅದಕ್ಕೇ ಹೆಸರನ್ನು ಬಿಟ್ಟು ಸಂಕೇತ ಸಂಖ್ಯೆ ಹಿಡಿದರು: 2011ರಲ್ಲಿ ಕರ್ನಾಟಕ 29, ಗುಲ್ಬರ್ಗಾ 579, ಯಾದಗಿರಿ 580, ಪ್ರತಿ ಹಳ್ಳಿಗೂ ದೇಶದಲ್ಲಿ ಇನ್ನಾವ ಹಳ್ಳಿಗೂ ಇಲ್ಲದ ಆರಂಕಿ ಸಂಖ್ಯೆ. ಪಂಚಾಯತ್ ರಾಜ್ ಸಚಿವಾಲಯ ಇಟ್ಟಿರುವ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿ ಇನ್ನೊಂದು ಸಂಖ್ಯಾಮಾಲೆ ಇದೆ. ಎರಡನ್ನೂ ಜೋಡಿಸುವ ಕೋಷ್ಟಕ ಕೈಯಲ್ಲಿಲ್ಲದೆ ಯಾವ ಸಂಶೋಧಕನೂ ಊಟಕ್ಕೆ ಏಳುವುದಿಲ್ಲ.

ಗಡಿಯ ಜೊತೆಗೆ ತಾರೀಖು ಇರಲೇಬೇಕು ಎನ್ನುವುದಕ್ಕೆ ಸೇಡಂನ ಮೂಡಣ ಮಗ್ಗುಲು ಸಾಕ್ಷಿ. 1956ರ ಅಕ್ಟೋಬರ್ ಕೊನೆಯವರೆಗೆ ಕೊಡಂಗಲ್ ಮತ್ತು ತಾಂಡೂರು ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅವೆರಡು ಬರಲಿಲ್ಲ. ಕೊಡಂಗಲ್ ಮೆಹಬೂಬ್‌ನಗರ ಜಿಲ್ಲೆಗೆ, ತಾಂಡೂರು ಹೈದರಾಬಾದ್ ಜಿಲ್ಲೆಗೆ ಹೋದವು. 2014ರ ಜೂನ್ 2ರಂದು ಅತ್ತಲಿನ ರಾಜ್ಯದ ಹೆಸರೇ ಬದಲಾಗಿ ತೆಲಂಗಾಣವಾಯಿತು. 2016ರ ಅಕ್ಟೋಬರಿನಲ್ಲಿ ಅಲ್ಲಿನ 10 ಜಿಲ್ಲೆಗಳನ್ನು 31 ಮಾಡಿದಾಗ ಕೊಡಂಗಲ್ಲೂ ತಾಂಡೂರೂ ಅರವತ್ತು ವರ್ಷಗಳ ಬಳಿಕ ಒಂದೇ ಜಿಲ್ಲೆಯಲ್ಲಿ, ವಿಕಾರಾಬಾದಿನಲ್ಲಿ, ಮತ್ತೆ ಕೂಡಿದವು. ಸೇಡಂ ಪಕ್ಕದ ಗೆರೆ ಇಷ್ಟರಲ್ಲೂ ಒಂದು ಗೇಣು ಅಲುಗಲಿಲ್ಲ. ಅದರ ಆಚೆಬದಿಯ ಜಿಲ್ಲೆ, ರಾಜ್ಯ, ಸಂಖ್ಯೆ ಎಲ್ಲ ಬದಲಾದವು.

ಆ ಗೆರೆ ಅಲ್ಲಿಯೇ ಯಾಕೆ ಬಿತ್ತು? ಭಾಷೆಯ ಎಣಿಕೆಗೆ ತಾಲ್ಲೂಕನ್ನು ಘಟಕ ಮಾಡಿಕೊಂಡದ್ದರಿಂದ. ಒಂದು ತಾಲ್ಲೂಕಿನ ಒಟ್ಟು ಜನರಲ್ಲಿ ತೆಲುಗರು ಹೆಚ್ಚಿದ್ದರೆ ಇಡೀ ತಾಲ್ಲೂಕು ಅತ್ತ, ಕನ್ನಡಿಗರು ಹೆಚ್ಚಿದ್ದರೆ ಇಡೀ ತಾಲ್ಲೂಕು ಇತ್ತ. ಅಂಚಿನ ಹಳ್ಳಿಗಳಲ್ಲಿ ಮನೆಯೊಳಗೊಂದು, ಸಂತೆಗೊಂದು, ಹಬ್ಬಕ್ಕೊಂದು ಭಾಷೆ ಎನ್ನುವಂತಿರುವ ಸೀಮೆ ಇದು; ಉರ್ದು, ಲಂಬಾಣಿ ಬೇರೆ. ಘಟಕ ಸಣ್ಣದಾದಷ್ಟೂ ಗೆರೆ ಕೊಂಕುತ್ತದೆ. ಈ ಗೆರೆ ಎಳೆದ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲೇ ಬೀದರ್ ಜಿಲ್ಲೆಯ ಜಹೀರಾಬಾದ್ ತಾಲ್ಲೂಕು ಆಂಧ್ರಕ್ಕೆ ಹೋದರೂ ಅದರ ನಿರ್ಣಾ ಸರ್ಕಲ್ ಮಾತ್ರ ಮೈಸೂರಿಗೆ ಉಳಿಯಿತು. ಅಲ್ಲಿ ಘಟಕ ಕಂದಾಯ ಸರ್ಕಲ್. ಆಂಧ್ರ ಮತ್ತು ಮದ್ರಾಸ್ ನಡುವಿನ 1959ರ ಹೊಂದಾಣಿಕೆಯಲ್ಲಿ ಮಧ್ಯಸ್ಥರಾಗಿದ್ದ ಪಾಟಸ್ಕರ್ ಹಳ್ಳಿಯನ್ನೇ ಘಟಕವಾಗಿ ಹಿಡಿದರು. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕನ್ನಡ ನಾಡಿನ ಎಲ್ಲೆ ಹೇಳಿದ ‘ಕವಿರಾಜಮಾರ್ಗ’ ಹುಟ್ಟಿದ್ದು ಮಾನ್ಯಖೇಟದ ಆಸ್ಥಾನದಲ್ಲಿ, ಅಂದರೆ ಇದೇ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ. ಎರಡು ನದಿ ಹೆಸರಿಸಿದರೆ ಸಾಕಾಗಿದ್ದ ಕಾಲ ಅದು. ಅಲ್ಲಿನ ಅರಸ ಅಮೋಘವರ್ಷನಿಗೆ ಸರ್ಕಲ್‌ಗಳ ಉಪದ್ರವ ಇರಲಿಲ್ಲ.

ಘಟಕ ಬದಲಿಸಿದರೆ ಉತ್ತರವೂ ಬದಲಾಗುತ್ತದೆ ಎಂಬ ಈ ಮಾತು ಭೂಗೋಳ ವಿಜ್ಞಾನದ ಹಳೆಯ ತಲೆನೋವು. ಗೆಲ್ಕ್ ಮತ್ತು ಬೀಲ್ ಎಂಬ ಅಮೆರಿಕದ ಇಬ್ಬರು 1934ರಲ್ಲೇ ಇದನ್ನು ಕಂಡಿದ್ದರು. 1979ರಲ್ಲಿ ಸ್ಟ್ಯಾನ್ ಓಪನ್‌ಶಾ ಮತ್ತು ಪೀಟರ್ ಟೇಲರ್ ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನು ಬೇರೆ ಬೇರೆ ರೀತಿ ಗುಂಪು ಕಟ್ಟಿ ನೋಡಿ, ಅವೇ ಅಂಕಿಗಳಿಂದ ಬೇಕಾದ ಸಂಬಂಧವನ್ನೂ ಅದಕ್ಕೆ ತದ್ವಿರುದ್ಧವಾದದ್ದನ್ನೂ ತೋರಿಸಬಹುದೆಂದು ಸಾಧಿಸಿದರು. ನಮಗೆ ಅಯೋವಾ ಬೇಡ, ತೊಗರಿ ಸಾಕು.

ಫಸಲ್ ಬೀಮಾ ಯೋಜನೆಯಲ್ಲಿ ಬರದಿಂದ ಇಳುವರಿ ಬಿದ್ದಾಗ ಪರಿಹಾರ ಸಿಗುವುದು ನಿಮ್ಮ ಹೊಲ ನೋಡಿ ಅಲ್ಲ. ಮುಖ್ಯ ಬೆಳೆಗಳಿಗೆ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಒಂದು ಘಟಕ, ಉಳಿದ ಬೆಳೆಗಳಿಗೆ ಹೋಬಳಿ. ಘಟಕದೊಳಗೆ ಆರಿಸಿದ ಕೆಲವೇ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ತೆಗೆಯುತ್ತಾರೆ. ಅದು ಮೊದಲೇ ಗೊತ್ತು ಮಾಡಿದ ಮಟ್ಟಕ್ಕಿಂತ ಕೆಳಗಿದ್ದರೆ ಅಲ್ಲಿ ವಿಮೆ ಮಾಡಿಸಿದ ಎಲ್ಲರಿಗೂ ಹಣ, ಇಲ್ಲದಿದ್ದರೆ ಯಾರಿಗೂ ಇಲ್ಲ. ಈಗ ಲೆಕ್ಕಕ್ಕೆಂದು ಪಡುವಣದಿಂದ ಮೂಡಣಕ್ಕೆ ಸಾಲಾಗಿ ಎಂಟು ಹೊಲ ಇಟ್ಟುಕೊಳ್ಳೋಣ. ಎಕರೆ ಇಳುವರಿ ಕ್ವಿಂಟಲಿನಲ್ಲಿ ಹೀಗೆ: 5, 5, 1, 1, 1, 1, 5, 5. ಮಟ್ಟ ಎರಡೂವರೆ ಕ್ವಿಂಟಲ್. ಸಾಲಿನ ಸರಿಮಧ್ಯದಲ್ಲಿ ಪಂಚಾಯಿತಿ ಗಡಿ ಬಿದ್ದರೆ ಎರಡೂ ಕಡೆ ಸರಾಸರಿ 3. ಒಣಗಿ ಹೋದ ನಾಲ್ವರಿಗೂ ಬಿಡಿಗಾಸಿಲ್ಲ. ನಡುವಿನ ನಾಲ್ಕು ಹೊಲಗಳನ್ನೇ ಒಂದು ಪಂಚಾಯಿತಿ ಮಾಡಿದ್ದರೆ ಅದರ ಸರಾಸರಿ 1, ನಾಲ್ವರಿಗೂ ಪರಿಹಾರ. ಒಂದು ತೊಗರಿ ಗಿಡವೂ ಬದಲಾಗಿಲ್ಲ. ಬೆಳೆ ವಿಮೆಯ ಪಟ್ಟಿ ಬಂದಾಗ ಬದುವಿನ ಆಚೆಯವನಿಗೆ ಬಂತು, ನನಗೆ ಬರಲಿಲ್ಲ ಎಂದು ರೈತರು ರೇಗುವುದನ್ನು ಅಧಿಕಾರಿಗಳು ಅಜ್ಞಾನವೆಂದು ತಳ್ಳಿಹಾಕುತ್ತಾರೆ. ಅವರು ರೇಗುತ್ತಿರುವುದು ಶುದ್ಧ ಸಂಖ್ಯಾಶಾಸ್ತ್ರದ ವಿಷಯಕ್ಕೆ.

ಹಿಂದುಳಿದಿರುವಿಕೆಯ ಅಳತೆಯಲ್ಲೂ ಇದೇ ಕಥೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದಲ್ಲಿದ್ದದ್ದು 175 ತಾಲ್ಲೂಕು. ಅವುಗಳಲ್ಲಿ 114 ಹಿಂದುಳಿದವು, ಅದರಲ್ಲೂ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವೇ. ವಿಶೇಷ ಅನುದಾನದ ಹಂಚಿಕೆ ಈ ಪಟ್ಟಿಯನ್ನು ಹಿಡಿದು ನಡೆಯಿತು. 2017ರ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕು ಘೋಷಣೆಯಾದವು. ಕಲಬುರಗಿ ಜಿಲ್ಲೆಯ ಏಳು ತಾಲ್ಲೂಕು ಹನ್ನೊಂದಾಯಿತು: ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಸೇರಿದವು. ಚಿತ್ತಾಪುರ ತಾಲ್ಲೂಕಿನಿಂದ ಶಹಾಬಾದ್ ಹೊರಬಿತ್ತು. ಕಾಳಗಿಗೆ ಚಿತ್ತಾಪುರದಿಂದಲೂ ಚಿಂಚೋಳಿಯಿಂದಲೂ ಹಳ್ಳಿಗಳು ಬಂದವು. ಕಾರ್ಖಾನೆ, ರೈಲು, ಕಲ್ಲು ವ್ಯಾಪಾರದ ಶಹಾಬಾದನ್ನು ತೆಗೆದ ಮೇಲೆ ಉಳಿದ ಚಿತ್ತಾಪುರದ ಸರಾಸರಿ ಆದಾಯ ಹಿಂದಿನದೇ ಆಗಿರಲು ಸಾಧ್ಯವೆ? 175ರ ಲೆಕ್ಕದ ಅಂಕವನ್ನು ಹೊಸ ತಾಲ್ಲೂಕುಗಳ ತಲೆಗೆ ಹಾಗೇ ಅಂಟಿಸುವಂತಿಲ್ಲ. ಹಳ್ಳಿಯ ಮಟ್ಟದಿಂದ ಮತ್ತೆ ಕೂಡಿಸಿಕೊಂಡು ಬರಬೇಕು.

ಪಟ್ಟಣಗಳ ಗಡಿ ಇನ್ನೂ ವಿಚಿತ್ರ. ಜನಗಣತಿಯ ಪಟ್ಟಿಯಲ್ಲಿ ವಾಡಿ ಎರಡು: ವಾಡಿ ಮತ್ತು ವಾಡಿ ಎಸಿಸಿ. ಶಹಾಬಾದೂ ಎರಡು: ಶಹಾಬಾದ್ ಮತ್ತು ಶಹಾಬಾದ್ ಎಸಿಸಿ. ಸಿಮೆಂಟ್ ಕಂಪನಿಯ ಕಾಲೊನಿಗಳನ್ನು ಬೇರೆಯೇ ಪಟ್ಟಣವೆಂದು ಗುರುತಿಸಿದ ಫಲ ಇದು. ರಸ್ತೆಯ ಈಚೆ ಒಂದು ಪಟ್ಟಣ, ಆಚೆ ಇನ್ನೊಂದು. ರೈಲು ಇಳಿದವನಿಗೆ ಅದೊಂದೇ ವಾಡಿ. ಪುರಸಭೆಯೇ ಇಲ್ಲದೆ ಪಟ್ಟಣವಾಗುವ ಹಳ್ಳಿಗಳೂ ಇವೆ. ಐದು ಸಾವಿರ ಜನ, ಚದರ ಕಿಲೋಮೀಟರಿಗೆ 400ರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯೇತರ ಕೆಲಸದಲ್ಲಿ ಇದ್ದರೆ ಜನಗಣತಿ ಅದನ್ನು ತನ್ನ ಪಾಡಿಗೆ ಪಟ್ಟಣವೆನ್ನುತ್ತದೆ. ಸಿಮೆಂಟ್ ಕಾರ್ಪೊರೇಷನ್ನಿನ ಕಾರ್ಖಾನೆಯಿದ್ದ ಕುರಕುಂಟಾ ಹೀಗೆ ಪಟ್ಟಣವಾದ ಊರು. ಕೋಡ್ಲಾ, ಬೆಂಕನಹಳ್ಳಿಗಳ ಸರದಿ ಬಂದೀತೆ? ಬರುವುದು ಕಷ್ಟ, ಯಾಕೆಂದರೆ ಸಾಂದ್ರತೆ ಲೆಕ್ಕ ಹಾಕುವಾಗ ಜನರನ್ನು ಭಾಗಿಸುವುದು ಸೀಮಾಂತರದ ಅಷ್ಟೂ ಹೊಲಗಳ ವಿಸ್ತೀರ್ಣದಿಂದ. ಊರು ಎಷ್ಟೇ ಒತ್ತೊತ್ತಾಗಿದ್ದರೂ ಸುತ್ತಲಿನ ತೊಗರಿ ಹೊಲ ಅದನ್ನು ತೆಳುವಾಗಿಸುತ್ತದೆ.

ಚಿಂಚೋಳಿಯ ಜನಸಾಂದ್ರತೆಯ ಬಣ್ಣದ ನಕ್ಷೆಯಲ್ಲೂ ಇದೇ ಮೋಸ. ತಾಲ್ಲೂಕಿಗೆಲ್ಲ ಒಂದೇ ತಿಳಿ ಬಣ್ಣ ಬಳಿದರೆ, 2011ರಲ್ಲಿ ವನ್ಯಜೀವಿಧಾಮವಾದ 134.88 ಚದರ ಕಿಲೋಮೀಟರ್ ಕಾಡಿನಲ್ಲೂ ಜನ ಸಮನಾಗಿ ಹರಡಿಕೊಂಡಂತೆ ಕಾಣುತ್ತದೆ. ಜಾನ್ ರೈಟ್ ಎಂಬಾತ 1936ರಲ್ಲೇ ಇದಕ್ಕೆ ಮದ್ದು ಹೇಳಿದ್ದ. ಜನ ಇರಲಾರದ ಕಾಡು, ಕೆರೆ, ಗಣಿಗಳನ್ನು ಮೊದಲು ಕತ್ತರಿಸಿ ತೆಗೆದು, ಉಳಿದ ನೆಲದ ಮೇಲಷ್ಟೇ ಜನರನ್ನು ಹಂಚು ಎಂದ. ಇಂದು ಉಪಗ್ರಹ ಚಿತ್ರದಲ್ಲಿ ಕಾಣುವ ಮಾಡುಗಳನ್ನು ಗುರುತಿಸಿ ಜಗತ್ತಿನಾದ್ಯಂತ ಇದನ್ನೇ ಮಾಡುತ್ತಿದ್ದಾರೆ.

ಇನ್ನು ಈ ಬರಹದ ನಿಜವಾದ ವಿಷಯ. ಕಂದಾಯ ಇಲಾಖೆಯ ಭಾಷೆಯಲ್ಲಿ ‘ಬೇಚಿರಾಕ್ ಗ್ರಾಮ’ ಎಂಬುದುಂಟು. ದೀಪವಿಲ್ಲದ ಊರು. ಗಡಿ ಇದೆ, ಹೆಸರಿದೆ, ಸರ್ವೆ ನಂಬರುಗಳಿವೆ, ಸಂಕೇತ ಸಂಖ್ಯೆಯೂ ಇದೆ. ಒಂದು ಮನೆಯೂ ಇಲ್ಲ. 2011ರಲ್ಲಿ ಕರ್ನಾಟಕದ 29,340 ಗ್ರಾಮಗಳಲ್ಲಿ ಜನವಸತಿ ಇದ್ದದ್ದು 27,397ರಲ್ಲಿ. ಉಳಿದ 1,943 ಬೇಚಿರಾಕ್. ಜನರಿಲ್ಲದ ಗಡಿಗಳಿಗೆ ದಾಖಲೆಯಲ್ಲಿ ಇಷ್ಟು ಭದ್ರ ಜಾಗವಿದ್ದಾಗ, ಗಡಿಯಿಲ್ಲದ ಜನರ ಗತಿ ಏನು?

ಅವರು ತಾಂಡಾಗಳಲ್ಲಿದ್ದಾರೆ. ಸೇಡಂ, ಚಿಂಚೋಳಿ, ಚಿತ್ತಾಪುರಗಳಲ್ಲಿ ಊರಿನಿಂದ ಒಂದೆರಡು ಮೈಲಿ ದೂರ, ಗುಡ್ಡದ ಸೆರಗಿನಲ್ಲೋ ಸರ್ಕಾರಿ ಜಮೀನಿನ ಅಂಚಿನಲ್ಲೋ ಲಂಬಾಣಿಗರ ವಸತಿ. ನೂರಾರು ಮನೆಗಳ ತಾಂಡಾ ಇದ್ದರೂ ಕಂದಾಯ ನಕ್ಷೆಯಲ್ಲಿ ಅದು ಮೂಲ ಗ್ರಾಮದ ಯಾವುದೋ ಸರ್ವೆ ನಂಬರು. ಗಣತಿಯಲ್ಲಿ ಅಲ್ಲಿನ ಜನ ಎಣಿಕೆಯಾಗುತ್ತಾರೆ, ಆದರೆ ಮೂಲ ಗ್ರಾಮದ ಲೆಕ್ಕದಲ್ಲಿ. ಆ ಗ್ರಾಮದಲ್ಲಿ ಶಾಲೆ ಇದೆ ಎಂದು ಬರೆದರೆ ತಾಂಡಾದಲ್ಲೂ ಇದೆ ಎಂದಾಯಿತು. ಊರಿನಲ್ಲಿ ನಲ್ಲಿ ಇದ್ದರೆ ತಾಂಡಾದಲ್ಲೂ ಇದ್ದಂತೆ. ಊರು, ತಾಂಡಾ ಎರಡರ ಸಾಕ್ಷರತೆ ಒಂದೇ ಸರಾಸರಿಯಲ್ಲಿ ಕರಗುತ್ತದೆ. ಮನೆ ಕಟ್ಟಿದ ನೆಲ ದಾಖಲೆಯಲ್ಲಿ ಇನ್ನೊಬ್ಬರದೋ ಸರ್ಕಾರದ್ದೋ ಆಗಿರುವುದರಿಂದ ಹಕ್ಕುಪತ್ರವಿಲ್ಲ, ಅದಿಲ್ಲದೆ ಬ್ಯಾಂಕಿನ ಸಾಲವಿಲ್ಲ.

2016ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಖಾಸಗಿ ಜಮೀನಿನಲ್ಲಿ ಕಟ್ಟಿದ ಇಂಥ ಮನೆಗಳಿಗೆ ಹಕ್ಕು ಕೊಡಲು ದಾರಿ ತೆರೆಯಿತು. ಮುಂದೆ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ದಾಖಲೆಗೆ ಸೇರದ ಸುಮಾರು 1,475 ವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಿದರು. 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಮಳಖೇಡಕ್ಕೆ ಬಂದು ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮಕ್ಕೆ ಚಾಲನೆ ನೀಡಿದರು. ವೇದಿಕೆಯ ಭಾಷಣಗಳಲ್ಲಿ ಯಾರು ಎಷ್ಟು ಶ್ರೇಯಸ್ಸು ಹಂಚಿಕೊಂಡರು ಎಂಬುದು ಇಲ್ಲಿ ಬೇಡ. ದತ್ತಾಂಶದ ದೃಷ್ಟಿಯಿಂದ ಆಗಬೇಕಿದ್ದದ್ದು ಇಷ್ಟು: ಮೂಲ ಗ್ರಾಮದ ಹೊಟ್ಟೆಯಿಂದ ಒಂದಿಷ್ಟು ಸರ್ವೆ ನಂಬರುಗಳನ್ನು ಕತ್ತರಿಸಿ, ಸುತ್ತ ಗೆರೆ ಎಳೆದು, ಹೊಸ ಹೆಸರು ಕೊಟ್ಟು, ಹೊಸ ಸಂಖ್ಯೆ ಕೊಡುವುದು. ಕಂದಾಯ ನಕ್ಷೆ, ಭೂಮಿ ತಂತ್ರಾಂಶ, ಪಂಚಾಯಿತಿಯ ಡೈರೆಕ್ಟರಿ, ಜನಗಣತಿಯ ಪಟ್ಟಿ, ನಾಲ್ಕು ಕಡೆಯೂ ಇದು ಒಂದೇ ರೀತಿ ಆಗಬೇಕಿತ್ತು, 2025ರ ಡಿಸೆಂಬರ್ 31ರೊಳಗೆ ಆಗಬೇಕಿತ್ತು. ಆ ದಿನಕ್ಕೆ ಪಟ್ಟಿ ಸೇರದ ತಾಂಡಾ 2027ರ ಅಂಕಿಗಳಲ್ಲಿ ಮತ್ತೆ ಮೂಲ ಗ್ರಾಮದೊಳಗೆ ಅಡಗುತ್ತದೆ, ಹಕ್ಕುಪತ್ರ ಕೈಯಲ್ಲಿದ್ದರೂ.

ಗಡಿಗಳ ಗೊಡವೆಯೇ ಬೇಡ, ಪ್ರತಿ ಮನೆಯನ್ನೂ ಒಂದು ಬಿಂದುವಾಗಿ ಗುರುತಿಸಿಬಿಟ್ಟರೆ ಆಗದೆ ಎಂದು ಕೇಳಬಹುದು. ಆಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಶುರುವಾದ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಗಳನ್ನು ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆ ಹಿಡಿದು ನಕ್ಷೆಯ ಮೇಲೆ ಗುರುತಿಸಿ, ಬಾಗಿಲಿಗೆ ಚೀಟಿ ಅಂಟಿಸಿದರು. ಬಿಂದುಗಳಿದ್ದರೆ ನಾಳೆ ಯಾವ ತಾಲ್ಲೂಕು ಹುಟ್ಟಿದರೂ ಯಾವುದು ಒಡೆದರೂ ಒಂದು ಗುಂಡಿ ಒತ್ತಿ ಮತ್ತೆ ಕೂಡಿಸಬಹುದು. ಆದರೆ ಬಿಂದು ಎಂದರೆ ಒಂದು ಮನೆ, ಮನೆ ಎಂದರೆ ಜಾತಿ, ಆದಾಯ, ಕಾಯಿಲೆಗಳಿರುವ ಮನುಷ್ಯರು. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ವ್ಯಕ್ತಿಯ ದಾಖಲೆಯನ್ನು ಯಾರಿಗೂ ತೋರಿಸುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ಹಾಗಾಗಿ ಒಳಗೆ ಬಿಂದುಗಳಿದ್ದರೂ ಹೊರಗೆ ಬರುವುದು ಮೊತ್ತ. ಮೊತ್ತ ಎಂದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಗೆರೆ ಬೇಕೇ ಬೇಕು.

2027ರ ಅಂಕಿಗಳು ಬಂದ ಮೇಲೆ ಈ ಸೀಮೆಯ ಹಳ್ಳಿಪಟ್ಟಿ ತೆರೆದು 2011ರೊಂದಿಗೆ ಹೋಲಿಸುವವರಿಗೆ ಒಂದು ಕೆಲಸ ಕಾದಿದೆ. ತಾಂಡಾ ಬೇರ್ಪಟ್ಟ ಮೂಲ ಗ್ರಾಮಗಳಲ್ಲಿ ಜನಸಂಖ್ಯೆ ತಟ್ಟನೆ ಕುಸಿದಂತೆ ಕಾಣುತ್ತದೆ, ಯಾದಗಿರಿ ಬೇರೆಯಾದಾಗ ಗುಲ್ಬರ್ಗಾ ಕುಸಿದಂತೆ ಕಂಡ ಹಾಗೆಯೇ. ಆದರೆ ಯಾದಗಿರಿಯನ್ನು ಸರಿಪಡಿಸುವುದು ಸುಲಭವಿತ್ತು. ಅಲ್ಲಿ ಹೋದದ್ದು ಇಡಿ ಇಡಿ ತಾಲ್ಲೂಕುಗಳು, ಅವುಗಳ ಹಳೆಯ ಲೆಕ್ಕ ಪುಸ್ತಕದಲ್ಲೇ ಇತ್ತು. ತಾಂಡಾ ಹಳ್ಳಿಗಿಂತ ಸಣ್ಣದು. 2011ರ ಪ್ರಕಟಿತ ಪಟ್ಟಿಗಳಲ್ಲಿ ಹಳ್ಳಿಗಿಂತ ಕೆಳಗಿನ ಸಾಲೇ ಇಲ್ಲ. ಅಂದಿನ ಗಣತಿದಾರರು ಕೈಯಲ್ಲಿ ಬರೆದ ಬ್ಲಾಕಿನ ನಕಾಶೆಗಳಲ್ಲಿ ತಾಂಡಾದ ಮನೆಗಳು ಎಲ್ಲೋ ಇದ್ದವು. ಈಗ ಉಳಿದ ದಾರಿ ಒಂದೇ: 2011ರ ಆಸುಪಾಸಿನ ಉಪಗ್ರಹ ಚಿತ್ರ ಹುಡುಕಿ, ಊರಿನಲ್ಲಿ ಎಷ್ಟು ಮಾಡು, ತಾಂಡಾದಲ್ಲಿ ಎಷ್ಟು ಮಾಡು ಎಂದು ಎಣಿಸಿ, ಮೂಲ ಗ್ರಾಮದ ಆಗಿನ ಜನಸಂಖ್ಯೆಯನ್ನು ಆ ಪ್ರಮಾಣದಲ್ಲಿ ಹಂಚುವುದು. ಗುಳೆ ಹೋದವರ ಬೀಗ ಹಾಕಿದ ಮನೆಗಳೂ ಅದರಲ್ಲಿ ಸೇರಿಕೊಳ್ಳುತ್ತವೆ, ಒಂದೇ ಮಾಡಿನ ಕೆಳಗಿನ ಎರಡು ಒಲೆಗಳು ಒಂದಾಗುತ್ತವೆ. ಅಂದಾಜು ಅಂದಾಜೇ. ಅದನ್ನೂ ಮಾಡದಿದ್ದರೆ ಹೊಸ ಹಳ್ಳಿಗಳ ಸಾಲಿನಲ್ಲಿ 2011ರ ಅಂಕಣಕ್ಕೆ ಒಂದು ಅಡ್ಡಗೆರೆ ಹಾಕಿ ಮುಂದೆ ಹೋಗಬೇಕಾಗುತ್ತದೆ.